ಎಡಕ್ಕೆ ಹೊರಳದ ಕಾರು

ಕೆಟ್ಟ ಯಂತ್ರವನ್ನು ಸರಿಪಡಿಸುವ ಕಾಯಕದಲ್ಲಿ ಮುಕ್ಕಾಲು ಪಾಲು ಕೆಲಸವೆಂದರೆ ಕೆಟ್ಟದ್ದು ಎಲ್ಲಿ ಎಂಬುದನ್ನು ಕಂಡುಹಿಡಿಯುವುದೇ ಆಗಿದೆ. ಉಳಿದ ಕಾಲು ಪಾಲು ಕೈಗೆ ಸಂಬಂಧಿಸಿದ್ದು. ಅದು ರೂಢಿಯಿಂದ ಬರುತ್ತದೆ. ಸಿರಿಗೇರಿಯಲ್ಲಿ ಮೂವತ್ತು ವರ್ಷಗಳಿಂದ ಪಂಪ್‌ಸೆಟ್ಟುಗಳ ಮೋಟಾರು ವೈಂಡಿಂಗ್ ಮಾಡಿಕೊಂಡು ಬಂದಿರುವ ನನಗೆ ಈ ಮಾತು ದಿನನಿತ್ಯದ ಅನುಭವ. (ಊರಿನ ಹೆಸರು ಕೇಳಿದೊಡನೆ ಅನೇಕ ಬಂಧುಗಳು ‘ತರಳಬಾಳು ಮಠದ ಊರಿನವರೇ?’ ಎನ್ನುತ್ತಾರೆ. ಆ ಸಿರಿಗೆರೆ ಚಿತ್ರದುರ್ಗ ಜಿಲ್ಲೆಯದು; ನಮ್ಮದು ಬಳ್ಳಾರಿ ಸೀಮೆಯ ಸಿರಿಗೇರಿ.) ನೆಲ್ಲಿಗೆ ನೀರು ಕಟ್ಟುವ ಕಾಲದಲ್ಲಿ ರೈತರು ಮೋಟಾರನ್ನು ಗಾಡಿಯಲ್ಲಿ ಹೇರಿಕೊಂಡು ಬಂದು, “ಸುಟ್ಟೈತಿ, ಸುತ್ತಿಕೊಡ್ರಿ” ಎನ್ನುತ್ತಾರೆ. ಪರೀಕ್ಷಿಸಿದರೆ ಎಷ್ಟೋ ಸಲ ಮೋಟಾರು ಚೆನ್ನಾಗಿಯೇ ಇರುತ್ತದೆ. ಮೂರು ಫೇಸುಗಳಲ್ಲಿ ಒಂದು ಬಂದಿರುವುದಿಲ್ಲ, ಇಲ್ಲವೆ ಸ್ಟಾರ್ಟರಿನ ಒಂದು ಸಂಪರ್ಕ ಕರಿಹಿಡಿದಿರುತ್ತದೆ. ಅದನ್ನು ಬಿಟ್ಟು ಮೋಟಾರನ್ನು ಸುತ್ತಿಕೊಟ್ಟರೆ, ಹೊಸ ತಂತಿಯೂ ವಾರದಲ್ಲಿ ಸುಡುತ್ತದೆ.

ಈಗ ನಾನು ಬರೆಯಹೊರಟಿರುವುದು ಮೋಟಾರಿನ ವಿಷಯವಲ್ಲ, ಒಂದು ಆಟಿಕೆಯ ಕಾರಿನ ವಿಷಯ. ‘ಆಟಿಕೆ’ ಎಂದರೆ ನಮ್ಮ ಹುಡುಗ ಒಪ್ಪುವುದಿಲ್ಲ.

ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ನನ್ನ ತಮ್ಮ ಎರಡು ವರ್ಷಗಳ ಹಿಂದೆ ಅಕಾಲದಲ್ಲಿ ಲಿಂಗೈಕ್ಯನಾದ. ಅವನ ಹೆಂಡತಿ ಈಗ ಬಳ್ಳಾರಿಯಲ್ಲಿ ಶಿಕ್ಷಕಿ. ಹನ್ನೊಂದು ವರ್ಷದ ಮಗ ರಜೆ ಬಂದೊಡನೆ ನಮ್ಮಲ್ಲಿಗೆ ಬರುತ್ತಾನೆ. ತೀರಿಕೊಳ್ಳುವ ಕೆಲವು ತಿಂಗಳ ಮೊದಲು ಅಪ್ಪ ಕೊಡಿಸಿದ ರಿಮೋಟ್ ಕಾರು ಅವನ ಜೊತೆಗೇ ಬರುತ್ತದೆ. ಕಳೆದ ಬೇಸಿಗೆಯಲ್ಲಿ ಅದನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ತಂದು, ನನ್ನ ಕೆಲಸದ ಮೇಜಿನ ಮೇಲಿಟ್ಟು ಸುಮ್ಮನೆ ನಿಂತ. ಕಾರು ಮುಂದೆ ಓಡುತ್ತಿತ್ತು, ಹಿಂದೆ ಬರುತ್ತಿತ್ತು, ಬಲಕ್ಕೂ ಹೊರಳುತ್ತಿತ್ತು. ಎಡಕ್ಕೆ ತಿರುಗಿಸಿದರೆ ಮಾತ್ರ ಮುಂದಿನ ಗಾಲಿಗಳು ಅರ್ಧ ಹೋಗಿ, ಕಟಕಟ ಸದ್ದು ಮಾಡಿ, ಗಡಗಡ ನಡುಗುತ್ತಿದ್ದವು. ಪಟ್ಟಣದ ಅಂಗಡಿಯೊಂದರಲ್ಲಿ ಅದನ್ನು ಬಿಚ್ಚದೆಯೇ, “ಸರ್ವೊ ಹೋಗಿದೆ, ಹೊಸ ಕಾರು ತೆಗೆದುಕೊಳ್ಳಿ” ಎಂದಿದ್ದರಂತೆ. ತಾಯಿ ಕೊಡಿಸಲು ಸಿದ್ಧಳಿದ್ದಳು. ಹುಡುಗ ಒಪ್ಪಲಿಲ್ಲ.

ಸರ್ವೊ ಎಂಬುದೇನೆಂದು ಮೊದಲು ಹೇಳಬೇಕು. ಕಡ್ಡಿಪೆಟ್ಟಿಗೆಗಿಂತ ಸ್ವಲ್ಪ ದಪ್ಪನೆಯ ಒಂದು ಡಬ್ಬಿ. ಅದರೊಳಗೆ ಒಂದು ಪುಟ್ಟ ಮೋಟಾರು, ನಾಲ್ಕೈದು ಹಲ್ಲುಚಕ್ರಗಳು, ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯ ಜಾತಿಯ ಒಂದು ಪೊಟೆನ್ಷಿಯೋಮೀಟರ್ ಮತ್ತು ಒಂದು ಚಿಕ್ಕ ಸರ್ಕೀಟು. ಕಾರಿನಲ್ಲಿರುವ ರಿಸೀವರ್ ಸೆಕೆಂಡಿಗೆ ಸುಮಾರು 50 ಸಲ ಅದಕ್ಕೆ ವಿದ್ಯುತ್ತಿನ ಮಿಡಿತವೊಂದನ್ನು ಕಳಿಸುತ್ತದೆ. ಮಿಡಿತ ಒಂದೂವರೆ ಮಿಲಿಸೆಕೆಂಡು ಇದ್ದರೆ ಗಾಲಿ ನೇರ ನಿಲ್ಲಬೇಕು. ಒಂದು ಮಿಲಿಸೆಕೆಂಡಿಗೆ ಇಳಿದರೆ ಒಂದು ಕಡೆಗೆ, ಎರಡಕ್ಕೆ ಏರಿದರೆ ಇನ್ನೊಂದು ಕಡೆಗೆ ಹೊರಳಬೇಕು. ಗಾಲಿ ನಿಜವಾಗಿ ಎಲ್ಲಿಗೆ ಬಂದಿದೆ ಎಂಬುದನ್ನು ಪೊಟೆನ್ಷಿಯೋಮೀಟರ್ ತಿಳಿಸುತ್ತಿರುತ್ತದೆ. ಆಜ್ಞೆಗೂ ವಾಸ್ತವಕ್ಕೂ ಅಂತರವಿರುವವರೆಗೆ ಮೋಟಾರು ತಿರುಗುತ್ತದೆ. ಅಂತರ ಅಳಿದೊಡನೆ ನಿಲ್ಲುತ್ತದೆ.

ಈ ಹೆಸರು ಹುಟ್ಟಿದ್ದೂ ಚುಕ್ಕಾಣಿಯ ಕೆಲಸದಿಂದಲೇ ಎಂಬುದು ಸ್ವಾರಸ್ಯದ ಸಂಗತಿ. ಫ್ರಾನ್ಸಿನ ಎಂಜಿನಿಯರ್ ಫಾರ್ಕೋ, ಹಡಗಿನ ಭಾರಿ ಚುಕ್ಕಾಣಿಯನ್ನು ಉಗಿಯ ಬಲದಿಂದ ತಿರುಗಿಸುವ ತನ್ನ ಯಂತ್ರವನ್ನು ಕುರಿತು 1873ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ‘ಸರ್ವೊ ಮೋಟಾರು’ ಎಂದು ಕರೆದ. ಲ್ಯಾಟಿನ್ನಿನಲ್ಲಿ ‘ಸರ್ವುಸ್’ ಎಂದರೆ ಆಳು, ಸೇವಕ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ರೇಡಿಯೋ ಅಲೆಗಳಿಂದ ದೋಣಿಯೊಂದನ್ನು ನಡೆಸಿ ತೋರಿಸಿದಾಗ ನೋಡಿದವರಿಗೆ ನಂಬಿಕೆಯೇ ಬರಲಿಲ್ಲವಂತೆ. ಜಪಾನಿನ ತಮಿಯಾ ಕಂಪನಿ ತನ್ನ ಮೊದಲ ರೇಡಿಯೋ ಕಾರನ್ನು ಹೊರತಂದದ್ದು 1976ರಲ್ಲಿ. ಅಂದು ದೊಡ್ಡವರನ್ನೇ ಬೆರಗುಗೊಳಿಸಿದ ವಿದ್ಯೆ ಇಂದು ಮಕ್ಕಳ ಕೈಯಲ್ಲಿದೆ.

ಇರಲಿ. ನಾನು ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಹುಡುಗನ ಕೈಗೆ ಮಲ್ಟಿಮೀಟರ್ ಕೊಟ್ಟೆ. ಯಾವ ವಿದ್ಯುತ್ ಯಂತ್ರವೇ ಆಗಲಿ, ಮೊದಲು ನೋಡಬೇಕಾದದ್ದು ಅದಕ್ಕೆ ಆಹಾರ ಬರುತ್ತಿದೆಯೇ ಎಂಬುದನ್ನು. ಬ್ಯಾಟರಿಯನ್ನು ಸುಮ್ಮನಿರುವಾಗ ಅಳೆದರೆ ಸಾಲದು. ಕಾರಿನ ಗಾಲಿಗಳು ತಿರುಗುತ್ತಿರುವಾಗಲೇ ಅಳೆಯಬೇಕು. ಸೋತ ಬ್ಯಾಟರಿ ವಿಶ್ರಾಂತಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಭಾರ ಬಿದ್ದೊಡನೆ ಕುಸಿಯುತ್ತದೆ. ಕುಸಿದರೆ ರಿಸೀವರ್ ತತ್ತರಿಸಿ ಸರ್ವೊ ಎರಡೂ ಕಡೆಗೆ ನಡುಗುತ್ತದೆ. ರಿಮೋಟಿಗೆ ಒಂದೂವರೆ ವೋಲ್ಟಿನ ಸಾಮಾನ್ಯ ಸೆಲ್ಲುಗಳ ಬದಲಾಗಿ ರೀಚಾರ್ಜ್ ಮಾಡುವಂಥವನ್ನು ಹಾಕುವವರು, ಅವು ಒಂದೊಂದೂ 1.2 ವೋಲ್ಟು ಮಾತ್ರ ಎಂಬುದನ್ನು ನೆನಪಿಡಬೇಕು. ನಮ್ಮ ಕಾರಿನಲ್ಲಿ ಎರಡೂ ಕಡೆ ವೋಲ್ಟೇಜು ಸರಿಯಾಗಿತ್ತು. ತೊಂದರೆ ಎಡಕ್ಕೆ ಮಾತ್ರ ಇದ್ದುದರಿಂದ ಬ್ಯಾಟರಿಯ ಮೇಲೆ ನನಗೆ ಹೆಚ್ಚು ಅನುಮಾನವೂ ಇರಲಿಲ್ಲ.

ಬ್ಯಾಟರಿ ಬದಲಿಸಲು ಕಾರಿನ ಮೇಲುಹೊದಿಕೆಯನ್ನು ಎತ್ತಿದಾಗ ಅದರ ಒಳಮೈಗೆ ಅಂಟಿಸಿದ್ದ ಬಿಳಿಯ ಟೇಪು ಕಂಡಿತು. ಅದರ ಮೇಲೆ ನನ್ನ ತಮ್ಮನ ಓರೆಯಾದ ಅಕ್ಷರಗಳು: ‘ಮೊದಲು ರಿಮೋಟ್ ಆನ್, ಆಮೇಲೆ ಕಾರು. ಆಫ್ ಮಾಡುವಾಗ ಮೊದಲು ಕಾರು.’ ಇದು ಸರಿಯಾದ ಕ್ರಮ. ಕಾರನ್ನು ಮೊದಲು ಚಾಲೂ ಮಾಡಿದರೆ, ಆಜ್ಞೆ ಕೊಡುವವರಿಲ್ಲದೆ ಅದು ಎತ್ತಲೋ ಓಡುವ ಸಂಭವವಿದೆ. ಹುಡುಗ ಆ ಟೇಪಿನ ಕಡೆಗೆ ನೋಡಲೇ ಇಲ್ಲ. ನೋಡುವ ಅಗತ್ಯ ಅವನಿಗಿರಲಿಲ್ಲ. ಆ ಹದಿನೈದು ದಿನಗಳಲ್ಲಿ ನಾವು ಅದನ್ನು ನೂರು ಸಲ ಆನ್ ಆಫ್ ಮಾಡಿರಬಹುದು, ಒಮ್ಮೆಯೂ ಅವನು ಆ ಕ್ರಮ ತಪ್ಪಲಿಲ್ಲ.

ಆಮೇಲೆ ರಿಮೋಟಿನ ಸರದಿ. ಗಾಲಿ ನೇರವಾಗಿಸುವ ಟ್ರಿಮ್ ಗುಂಡಿ ಒಂದು ಕೊನೆಗೆ ಸರಿದಿದ್ದರೂ, ಎಷ್ಟು ಹೊರಳಬೇಕೆಂದು ನಿಗದಿ ಮಾಡುವ ಗುಂಡಿ ಕಡಿಮೆಯಾಗಿದ್ದರೂ ಕಾರು ಒಂದು ಕಡೆಗೆ ಸರಿಯಾಗಿ ತಿರುಗುವುದಿಲ್ಲ. ಸರ್ವೊವನ್ನು ದೂರುವ ಮೊದಲು ಇವೆರಡನ್ನೂ ನೋಡಲು ಅರ್ಧ ನಿಮಿಷ ಸಾಕು. ನಮ್ಮಲ್ಲಿ ಎರಡೂ ಸರಿಯಿದ್ದವು. ರಿಸೀವರಿನ ಪರೀಕ್ಷೆಗೆ ಒಂದು ಸುಲಭೋಪಾಯವಿದೆ. ಕಾರನ್ನು ಇಟ್ಟಿಗೆಯ ಮೇಲೆ ಗಾಲಿಗಳು ನೆಲಕ್ಕೆ ತಾಗದಂತೆ ಇರಿಸಿ, ಸ್ಟಿಯರಿಂಗಿನ ಪ್ಲಗ್ಗನ್ನು ವೇಗದ ಚಾನೆಲ್ಲಿಗೂ ವೇಗದ್ದನ್ನು ಸ್ಟಿಯರಿಂಗಿನ ಚಾನೆಲ್ಲಿಗೂ ಅದಲುಬದಲು ಹಾಕಬೇಕು. ಈಗ ವೇಗದ ಗುಂಡಿ ಒತ್ತಿದರೆ ಮುಂದಿನ ಗಾಲಿ ಹೊರಳುತ್ತದೆ. ಹಾಗೆ ಮಾಡಿದಾಗಲೂ ಕಟಕಟ ಸದ್ದು ಸರ್ವೊದಿಂದಲೇ ಬಂತು. ಆದ್ದರಿಂದ ರಿಸೀವರ್ ನಿರ್ದೋಷಿ. (ಅಗ್ಗದ ಕಾರುಗಳಲ್ಲಿ ಮೂರರ ಬದಲು ಐದು ತಂತಿಗಳ ಸರ್ವೊ ಇರುತ್ತದೆ, ಅದರ ಸರ್ಕೀಟು ರಿಸೀವರಿನಲ್ಲಿಯೇ ಇರುವುದರಿಂದ ಅಲ್ಲಿ ಈ ಉಪಾಯ ನಡೆಯದು.)

“ಹಂಗಾದ್ರೆ ಅಂಗಡಿಯವರು ಹೇಳಿದ್ದೇ ಖರೆ ಏನು, ದೊಡ್ಡಪ್ಪ?” ಎಂದ ಹುಡುಗ.

“ಅರ್ಧ ಖರೆ ಇರಬಹುದು. ಇನ್ನರ್ಧ ನೋಡೋಣ ತಡಿ,” ಎಂದೆ.

ಆ ಇನ್ನರ್ಧ ಗಾಲಿಗಳ ಹತ್ತಿರವಿತ್ತು. ಸರ್ವೊವನ್ನು ಗಾಲಿಗೆ ಕೂಡಿಸುವ ಕಡ್ಡಿಯನ್ನು ಕಳಚಿ, ಗಾಲಿಗಳನ್ನು ಬೆರಳಿನಿಂದ ಹೊರಳಿಸಿದರೆ ಅವು ಸಲೀಸಾಗಿ ಆಡಬೇಕು. ನಮ್ಮವು ಬಿಗಿಯಾಗಿದ್ದವು. ಹಿಂದಿನ ಸಲ ಬಂದಿದ್ದಾಗ ಹುಡುಗರೆಲ್ಲ ಸೇರಿ ಕಾಲುವೆಯ ಬದಿಯ ಎರೆಭೂಮಿಯಲ್ಲಿ ಅದನ್ನು ಓಡಿಸಿದ್ದರು. ನಮ್ಮ ಎರೆಮಣ್ಣಿನ ಸ್ವಭಾವ ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಹಸಿಯಿದ್ದಾಗ ಅಂಟು, ಒಣಗಿದರೆ ಸಿಮೆಂಟು. ಸರ್ವೊಗೂ ಗಾಲಿಗೂ ನಡುವೆ ‘ಸರ್ವೊ ಸೇವರ್’ ಎಂಬ ಸ್ಪ್ರಿಂಗಿನ ಭಾಗವೊಂದಿರುತ್ತದೆ. ಗಾಲಿ ಕಲ್ಲಿಗೆ ಬಡಿದಾಗ ಆ ಸ್ಪ್ರಿಂಗು ಬಾಗಿ, ಪೆಟ್ಟು ಹಲ್ಲುಚಕ್ರಗಳಿಗೆ ತಾಗದಂತೆ ತಾನೇ ನುಂಗಿಕೊಳ್ಳಬೇಕು. ಅದು ತೀರ ಸಡಿಲವಾದರೆ ಕಾರು ನೇರ ಓಡದೆ ಅಲೆದಾಡುತ್ತದೆ. ಎಷ್ಟೋ ಜನ ಆಗಲೂ ಸರ್ವೊ ಹೋಯಿತೆಂದೇ ತಿಳಿಯುತ್ತಾರೆ. ನಮ್ಮ ಕಾರಿನಲ್ಲಿ ಆ ಸ್ಪ್ರಿಂಗಿನ ಸುತ್ತ ಮಣ್ಣು ಗಟ್ಟಿಯಾಗಿ, ಅದು ಅಲುಗದಂತಾಗಿತ್ತು. ಬಳಿಕ ಕಾರು ಎಲ್ಲಿಯೋ ಕಟ್ಟೆಗೆ ಬಡಿದಿದೆ; ಪೆಟ್ಟು ನೇರವಾಗಿ ಒಳಕ್ಕೆ ಹೋಗಿದೆ.

ಸರ್ವೊವಿನ ತಳದ ನಾಲ್ಕು ಉದ್ದ ಸ್ಕ್ರೂಗಳನ್ನು ಬಿಚ್ಚಿ ಮೇಲಿನ ಮುಚ್ಚಳ ತೆಗೆದೆವು. ಹಲ್ಲುಚಕ್ರಗಳನ್ನು ಎತ್ತುವ ಮುನ್ನ ಅವು ಕುಳಿತ ರೀತಿಯನ್ನು ಹುಡುಗ ಹಾಳೆಯ ಮೇಲೆ ಬರೆದುಕೊಂಡ. ಕೊನೆಯ ದೊಡ್ಡ ಚಕ್ರದಲ್ಲಿ ಪಕ್ಕಪಕ್ಕದ ಎರಡು ನೈಲಾನ್ ಹಲ್ಲುಗಳು ಮುರಿದಿದ್ದವು. ಗಾಲಿ ಎಡಕ್ಕೆ ಹೊರಳುವಾಗ ಮಾತ್ರ ಆ ಜಾಗ ಸರದಿಗೆ ಬರುತ್ತದೆ. ಮೋಟಾರು ತಿರುಗುತ್ತದೆ, ಹಲ್ಲು ಸಿಗದೆ ಜಾರುತ್ತದೆ, ಗುರಿ ಮುಟ್ಟಲಿಲ್ಲವೆಂದು ಪೊಟೆನ್ಷಿಯೋಮೀಟರ್ ಹೇಳುತ್ತಲೇ ಇರುತ್ತದೆ, ಪಾಪ, ಮೋಟಾರು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕಟಕಟ ಸದ್ದಿನ ರಹಸ್ಯ ಇಷ್ಟೇ. ಹೊಸ ಸರ್ವೊ ತಂದು ಕೂರಿಸಿದ್ದರೆ, ಮಣ್ಣು ಹಿಡಿದ ಸ್ಪ್ರಿಂಗಿನಿಂದಾಗಿ ಅದರ ಹಲ್ಲೂ ಮುಂದಿನ ಕಟ್ಟೆಗೆ ಮುರಿಯುತ್ತಿತ್ತು.

ಹಲ್ಲುಚಕ್ರಗಳ ಜೊತೆಯನ್ನು ಮಾತ್ರ ಬಿಡಿಯಾಗಿ ಮಾರುತ್ತಾರೆ. ಸರ್ವೊವಿನ ಮೇಲಿನ ಸಂಖ್ಯೆ ನೋಡಿ ತರಿಸಿದರಾಯಿತು. ಅದು ಅಂಚೆಯಲ್ಲಿ ಬರುವವರೆಗೆ ಮಣ್ಣನ್ನೆಲ್ಲ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಣಗಿದ್ದಂತೆಯೇ ಉದುರಿಸಿದೆವು. ಪೆಟ್ರೋಲು ಬಳಸಬಾರದು, ಕೆಲವು ಪ್ಲಾಸ್ಟಿಕ್ಕುಗಳು ಬಿರುಕು ಬಿಡುತ್ತವೆ. ಹಾಗೆಯೇ ಹೊರಗಿನ ಕೀಲುಗಳಿಗೆ ಗ್ರೀಸು ಮೆತ್ತಬಾರದು. ಧೂಳು ಕೂಡಿ ಅರೆಯುವ ಹಿಟ್ಟಾಗುತ್ತದೆ.

ಒಂದು ಸಂಜೆ ಪಡಸಾಲೆಯಲ್ಲಿ ಕುಳಿತಿದ್ದಾಗ ಹುಡುಗ ಕೇಳಿದ: “ದೊಡ್ಡಪ್ಪ, ಒಳಗಿನ ಚಕ್ರ ಬ್ಯಾರೆ ಹಾಕಿದ್ರೆ ಇದು ಅಪ್ಪ ತಂದಿದ್ದೇ ಇರ್ತೈತಾ?”

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅಲ್ಲಿಯೇ ಅಕ್ಕಿ ಆರಿಸುತ್ತಿದ್ದ ನಮ್ಮವ್ವ ಮೊರದಿಂದ ತಲೆಯೆತ್ತದೆ ಹೇಳಿದಳು: “ಕುರುಗೋಡ ದೊಡ್ಡಬಸಪ್ಪನ ತೇರು ನೋಡೀಯಲ್ಲ? ತೇರಿನ ಗಾಲಿ ಸವೆದ್ರ ಗಾಲಿ ಮಾಡಸ್ತಾರ, ಹಗ್ಗ ಜೀರ್ಣ ಆದ್ರ ಹಗ್ಗ ತರ್ತಾರ. ತೇರು ಬ್ಯಾರೆ ಆತು ಅಂತ ಯಾರರ ಅಂದಾರೇನು?” ಮಗನನ್ನು ಮಣ್ಣಿಗೆ ಕೊಟ್ಟ ತಾಯಿ ಅವಳು, ಧ್ವನಿ ಮಾತ್ರ ಎಂದಿನಂತೆಯೇ ಇತ್ತು. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, “ತೇರಿಗೆ ಸ್ಟಿಯರಿಂಗ್ ಎಲ್ಲೈತಿ, ಅಜ್ಜಿ?” ಎಂದ. ಓಡುವ ತೇರಿನ ಗಾಲಿಯ ಕೆಳಗೆ ಮರದ ತುಂಡು ಕೊಟ್ಟು ಅದನ್ನು ತಿರುಗಿಸುವವರ ಧೈರ್ಯವನ್ನು ಅವಳು ವರ್ಣಿಸತೊಡಗಿದಳು. ತಂದೆ ತೀರಿದ ಮೇಲೆ ಆ ಮಗು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಂಡದ್ದು ಅಂದೇ.

ಚಕ್ರಗಳು ಬಂದ ದಿನ ಜೋಡಣೆಯನ್ನು ಅವನೇ ಮಾಡಿದ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೊನೆಯ ಚಕ್ರವು ಪೊಟೆನ್ಷಿಯೋಮೀಟರಿನ ದಂಡದ ಮೇಲೆ ಸರಿಯಾಗಿ ಕೂಡಬೇಕು. ಮುಚ್ಚಳ ಹಾಕಿ, ಕಾರನ್ನು ಚಾಲೂ ಮಾಡಿ, ಟ್ರಿಮ್ ನಡುವಿಗೆ ತಂದು, ಸರ್ವೊ ತಾನಾಗಿ ಮಧ್ಯಕ್ಕೆ ನಿಂತ ಬಳಿಕವೇ ಅದರ ತೋಳನ್ನು ಕೂರಿಸಬೇಕು. ಮೊದಲೇ ತೋಳು ಸಿಕ್ಕಿಸಿದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಹೊರಳುತ್ತದೆ. ಕೊನೆ ಮುಟ್ಟಿ ಸಿಕ್ಕಿಬಿದ್ದ ಸರ್ವೊ ಗುಂಯ್‌ಗುಟ್ಟುತ್ತ ಬಿಸಿಯಾಗಿ ಸುಟ್ಟುಹೋಗುತ್ತದೆ.

ಕಾರು ಈಗ ಎಡಕ್ಕೂ ಹೊರಳುತ್ತದೆ. ಆದರೆ ಗಾಲಿ ನೇರಕ್ಕೆ ಬಂದು ನಿಲ್ಲುವಾಗ ಒಂದು ಸಣ್ಣ ನಡುಕ ಉಳಿದಿದೆ. ಅದು ಪೊಟೆನ್ಷಿಯೋಮೀಟರಿನ ಪಟ್ಟಿ ಹೆಚ್ಚು ಬಳಕೆಯಾದ ನಡುಭಾಗದಲ್ಲಿ ಸವೆದಿರುವುದರ ಲಕ್ಷಣ. ಸಂಪರ್ಕ ಶುದ್ಧಿಮಾಡುವ ದ್ರವವನ್ನು ಒಂದು ಹನಿ ಬಿಟ್ಟು ನೋಡಿದೆವು, ಪೂರ್ತಿ ಹೋಗಲಿಲ್ಲ. ಮೂರು ತಂತಿ ಬೆಸೆದು ಅದನ್ನು ಬದಲಿಸಬೇಕು. ಬೆಸುಗೆ ಕಲಿಸಿಕೊಡುವುದಾಗಿ ಹೇಳಿದ್ದೇನೆ. ದಸರೆಯ ರಜೆಗೆ ಬರುವಾಗ ಕಾರನ್ನು ತಾನೇ ತರುತ್ತಾನಂತೆ. ಅಲ್ಲಿಯವರೆಗೆ ಯಾರೂ ಬಿಚ್ಚಬಾರದೆಂದು ತಾಯಿಗೂ ತಾಕೀತು ಮಾಡಿದ್ದಾನೆ.