ಡಿಸೋಜರ ಹೊಳೆ

ಡಿಸೋಜ ಎಂಬ ಹೆಸರು ಹೊತ್ತವರಿಗೆ ಈ ಕಾಲದಲ್ಲಿರುವ ದೊಡ್ಡ ಪೀಡೆ ಎಂದರೆ, ಇಂಗ್ಲಿಷಿನಲ್ಲಿ ಬರೆಯುವಾಗ ‘ಡಿ’ಯ ಪಕ್ಕ ನೇತಾಡುವ ಆ ಸಣ್ಣ ಗೀಟು. ಅಪಾಸ್ಟ್ರಫಿ. ಕಂಪ್ಯೂಟರಿನಲ್ಲಿ ಅರ್ಜಿ ತುಂಬಲು ಕೂತರೆ, ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕೆಂದು ಅದು ಕೆಂಪಗೆ ಗದರುತ್ತದೆ. ಗೀಟು ಅಳಿಸಿದರೆ ಅರ್ಜಿ ಮುಂದೆ ಹೋಗುತ್ತದೆ, ಆದರೆ ಮುಂದಿನ ಕಚೇರಿಯಲ್ಲಿ ‘ಇದು ನಿಮ್ಮ ಹೆಸರೇ ಹೌದೇ?’ ಎಂಬ ಪ್ರಶ್ನೆ ಕಾದಿರುತ್ತದೆ. ನನ್ನ ಪರಿಚಯದ ಡಿಸೋಜರೊಬ್ಬರು ಒಂದು ಕಾಗದದಲ್ಲಿ ಗೀಟುಳ್ಳವರು, ಇನ್ನೊಂದರಲ್ಲಿ ಗೀಟಿಲ್ಲದವರು, ಮೂರನೆಯದರಲ್ಲಿ ‘ಡಿ’ ಬೇರೆ, ‘ಸೋಜ’ ಬೇರೆ. ಮೂವರೂ ನಾನೇ ಎಂದು ಅಫಿಡವಿಟ್ ಮಾಡಿಸಿ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದಾರೆ. ‘ಪಿತ, ಪುತ್ರ, ಪವಿತ್ರಾತ್ಮ ಮೂರಾದರೂ ಒಂದೇ ಅಂತ ನಂಬಿ ಬೆಳೆದವ ನಾನು, ನನಗೇನು ಕಷ್ಟ ಇಲ್ಲ ಮಾರಾಯ್ರೆ. ಕಷ್ಟ ಎಲ್ಲ ಬ್ಯಾಂಕಿನವರಿಗೆ’ ಎನ್ನುತ್ತಾರೆ.

ತಮಾಷೆಯೆಂದರೆ ಈ ಗೀಟು ಪೋರ್ಚುಗಲ್ಲಿನಲ್ಲಿ ಇಲ್ಲ. ಅಲ್ಲಿ ‘ದೆ ಸೋಜ’ ಎಂದು ಬಿಡಿಸಿ ಬರೆಯುತ್ತಾರೆ. ಅಲ್ಮೇಡದಂತೆ ಸ್ವರದಿಂದ ಶುರುವಾಗುವ ಹೆಸರಿದ್ದರೆ ಆಗೀಗ ಗೀಟು ಹಾಕುವುದುಂಟು. ಸೋಜಕ್ಕೆ ಅದನ್ನು ಅಂಟಿಸಿದ್ದು ನಮ್ಮ ಕಡೆಯ ಇಂಗ್ಲಿಷ್ ಬರವಣಿಗೆ. ಉಚ್ಚಾರದ ಮಟ್ಟಿಗೆ ಮಾತ್ರ ಕನ್ನಡದ ‘ಸೋಜ’ವೇ ಅಸಲಿಗೆ ಹತ್ತಿರ. ಕಾನ್ವೆಂಟಿನಲ್ಲಿ ಓದಿಬಂದು ‘ಸೌಜಾ’ ಎಂದು ತಿದ್ದುವವರ ಮಾತು ಕೇಳಬೇಕಾಗಿಲ್ಲ.

ಆ ‘ದೆ’ಗೆ ಇಂಥಲ್ಲಿಯ, ಇಂಥ ಊರಿನ ಎಂದು ಅರ್ಥ. ಮಾಸ್ತಿ ವೆಂಕಟೇಶ ಅಯ್ಯಂಗಾರರಿಗೆ ಮಾಸ್ತಿ ಇದ್ದಂತೆ, ಕುವೆಂಪು ಅವರಿಗೆ ಕುಪ್ಪಳಿ ಇದ್ದಂತೆ. ಹಾಗಾದರೆ ಸೋಜ ಎಲ್ಲಿದೆ? ಅದೊಂದು ಹೊಳೆ. ಉತ್ತರ ಪೋರ್ಚುಗಲ್ಲಿನ ಫೆಲ್ಗೇರಸ್ ಕಡೆ ಹುಟ್ಟಿ, ಪೋರ್ತೊ ನಗರಕ್ಕೆ ಸ್ವಲ್ಪ ಮೇಲೆ ದೊರೊ ನದಿಯನ್ನು ಸೇರುತ್ತದೆ. ಸೇರುವ ಜಾಗದ ಹೆಸರೇ ಫೋಜ್ ದೊ ಸೋಜ, ಅಂದರೆ ಸೋಜದ ಬಾಯಿ. ಮಳೆಗಾಲದ ನೇತ್ರಾವತಿಯನ್ನು ನೋಡಿದವರು ಅದನ್ನು ತೋಡು ಎಂದಾರು. ಹೊಳೆಗೆ ಆ ಹೆಸರು ಲ್ಯಾಟಿನ್ನಿನ ಬಂಡೆಕಲ್ಲಿನಿಂದ ಬಂತೆಂದು ಕೆಲವು ಪಂಡಿತರು, ಉಪ್ಪಿನಿಂದ ಬಂತೆಂದು ಇನ್ನು ಕೆಲವರು ವಾದಿಸುತ್ತಾರೆ. ವಾದಿಸಲಿ. ಮಧ್ಯಯುಗದಲ್ಲಿ ಆ ಕಣಿವೆಯನ್ನು ಆಳಿದ ಜಮೀನ್ದಾರಿ ಮನೆತನ ಹೊಳೆಯ ಹೆಸರನ್ನೇ ತನಗಿಟ್ಟುಕೊಂಡಿತು. ಬರೀ ನೀರಿನದಾಗಿದ್ದ ಹೆಸರಿಗೆ ಆಗ ಕತ್ತಿ, ಗುರಾಣಿ, ಲಾಂಛನ ಎಲ್ಲ ಬಂದವು.

ಹೆಸರು ಹಡಗು ಹತ್ತಿದ ಮೇಲಿನ ಕಥೆಯಲ್ಲಿ ನನಗೆ ಮರೆಯಲಾಗದವನು ಮಾರ್ತಿಂ ಅಫೋನ್ಸೊ ದೆ ಸೋಜ. 1532ರಲ್ಲಿ ಬ್ರೆಜಿಲ್ಲಿನ ಕರಾವಳಿಯಲ್ಲಿ ಸಾವೊ ವಿಸೆಂತೆ ಎಂಬ ಊರು ಕಟ್ಟಿಸಿದ. ಹತ್ತು ವರ್ಷದ ನಂತರ ಅದೇ ಮನುಷ್ಯ ಗವರ್ನರ್ ಆಗಿ ಗೋವೆಗೆ ಬಂದ. ಅವನ ಹಡಗಿನಲ್ಲೇ ಬಂದವರು ಫ್ರಾನ್ಸಿಸ್ ಝೇವಿಯರ್, ಆಮೇಲೆ ಸಂತರಾದವರು. ಸಂತರನ್ನು ಗೋವೆಯಲ್ಲಿ ಇಳಿಸಿ, ಅದೇ 1542ರಲ್ಲಿ ಈ ಸೋಜ ನಮ್ಮ ಭಟ್ಕಳದ ಮೇಲೆ ಏರಿಹೋದ. ರಾಣಿ ಕಪ್ಪ ಕೊಟ್ಟಿಲ್ಲ ಎಂಬ ಕಾರಣ ಹೇಳಿ ಊರನ್ನು ಸೂರೆಮಾಡಿ ಸುಟ್ಟ. ಒಂದೇ ಹಡಗು, ಒಂದೇ ವರ್ಷ: ಒಬ್ಬರ ಹೆಸರಿನಲ್ಲಿ ಇವತ್ತು ನಮ್ಮೂರುಗಳಲ್ಲಿ ಶಾಲೆಗಳಿವೆ, ಇನ್ನೊಬ್ಬನ ಅಡ್ಡಹೆಸರಿನಲ್ಲಿ ಶಾಲೆಯ ಹಾಜರಿ ಪುಸ್ತಕದ ಅರ್ಧ ಪುಟವಿದೆ. ಇನ್ನೊಬ್ಬ ಸೋಜ, ತೊಮೆ ದೆ ಸೋಜ, 1549ರಲ್ಲಿ ಬ್ರೆಜಿಲ್ಲಿನ ಮೊದಲ ಗವರ್ನರ್ ಜನರಲ್ ಆಗಿ ಹೋಗಿ ಸಾಲ್ವದೋರ್ ನಗರವನ್ನು ಸ್ಥಾಪಿಸಿದ.

ಹಾಗೆಂದು ಜಗತ್ತಿನ ಸೋಜರೆಲ್ಲ ಈ ಗವರ್ನರುಗಳ ಮೊಮ್ಮಕ್ಕಳೆಂದು ತಿಳಿದರೆ ಕೆಟ್ಟೆವು. ಗೋವೆಯಲ್ಲಿ ದೀಕ್ಷಾಸ್ನಾನದ ಹೊತ್ತಿಗೆ ಜೊತೆಗೆ ನಿಂತ ಪೋರ್ಚುಗೀಸ್ ದೇವಪಿತನ ಹೆಸರೋ, ನೀರು ಹಾಕಿದ ಪಾದ್ರಿಯ ಹೆಸರೋ ಹೊಸ ಕ್ರೈಸ್ತನಿಗೆ ಅಂಟುತ್ತಿತ್ತು. ಇವತ್ತು ಅಣ್ಣ, ನಾಳೆ ಬೇರೊಬ್ಬರ ಕೈಯಲ್ಲಿ ತಮ್ಮ ದೀಕ್ಷೆ ಪಡೆದರೆ ಒಂದೇ ಅಂಗಳದಲ್ಲಿ ಒಬ್ಬ ಸೋಜ, ಒಬ್ಬ ಪಿಂಟೊ. ಬ್ರೆಜಿಲ್ಲಿನಲ್ಲಿ ಗುಲಾಮರಿಗೆ ಒಡೆಯನ ಅಡ್ಡಹೆಸರು ಬಂದದ್ದೂ ಉಂಟು. ಅದರ ತಿರುಗುಮುರುಗನ್ನು ನೋಡಬೇಕಾದರೆ ಆಫ್ರಿಕಾದ ಬೆನಿನ್‌ಗೆ ಹೋಗಬೇಕು. ಸಾಲ್ವದೋರಿನಿಂದ ಅಲ್ಲಿಗೆ ಹೋದ ಫ್ರಾನ್ಸಿಸ್ಕೊ ಫೆಲಿಸ್ ದೆ ಸೋಜ ಮನುಷ್ಯರನ್ನು ಮಾರಿ ಸಿರಿವಂತನಾದವನು. ಅಲ್ಲಿನ ರಾಜನಿಂದ ‘ಚಾಚಾ’ ಎಂಬ ಬಿರುದು ಪಡೆದು 1849ರಲ್ಲಿ ವಿದಾ ಪಟ್ಟಣದಲ್ಲಿ ಸತ್ತ. ಅವನ ವಂಶದ ದೆ ಸೋಜರು ಇಂದಿಗೂ ಅಲ್ಲಿದ್ದಾರೆ. ಸರಪಳಿ ಕಟ್ಟಿದವನದೂ ಕಟ್ಟಿಸಿಕೊಂಡವನದೂ ಒಂದೇ ಅಡ್ಡಹೆಸರಾದ ಮೇಲೆ ಲಾಂಛನ, ಗುರಾಣಿಗಳನ್ನು ಅಟ್ಟಕ್ಕೆ ಹಾಕುವುದೇ ಸರಿ ಎಂದು ನನಗೆ ಅನಿಸುತ್ತದೆ.

ಜನಪ್ರಿಯತೆಯ ವಿಚಾರದಲ್ಲಿ ಸೋಜ ಒಂದನೇ ರ್‍ಯಾಂಕಿನವನಲ್ಲ. ಪೋರ್ಚುಗಲ್, ಬ್ರೆಜಿಲ್ ಎರಡರಲ್ಲೂ ಸಿಲ್ವ ಮುಂದಿದ್ದಾನೆ, ಅವನ ಬೆನ್ನಿಗೆ ಸಾಂತೋಸ್. ಆದರೂ ಮೊದಲ ಹತ್ತರಲ್ಲಿ ಸೋಜ ಇದ್ದೇ ಇರುತ್ತಾನೆ. ಪೋರ್ಚುಗಲ್ 1911ರಲ್ಲಿ ಕಾಗುಣಿತ ತಿದ್ದಿ ‘ಝಡ್’ ತೆಗೆದು ‘ಎಸ್’ ಹಾಕಿತು. ಅದಕ್ಕೆ ಮೊದಲೇ ಮನೆ ಬಿಟ್ಟ ಬ್ರೆಜಿಲ್ಲಿನವರೂ ನಮ್ಮವರೂ ಹಳೆಯ ‘ಝಡ್’ನಲ್ಲೇ ಉಳಿದರು. ಕಾಲ್ಚೆಂಡಿನ ರೊಮಾರಿಯೊ ಪೂರ್ತಿ ಹೆಸರಲ್ಲಿ ರೊಮಾರಿಯೊ ದೆ ಸೋಜ ಫರಿಯ. ಡಾಕ್ಟರಿಕೆ ಓದಿದ ಆಟಗಾರ ಸಾಕ್ರೆಟಿಸ್‌ನ ಹೆಸರು ಸೊಕ್ರಾತಿಸ್ ಬ್ರಝಿಲೇರೊ ಸಂಪಾಯೊ ದೆ ಸೋಜ ವಿಯೇರ ದೆ ಒಲಿವೇರ. ತಾಯಿಯ ಕಡೆಯದು ಮೊದಲು, ತಂದೆಯ ಕಡೆಯದು ಆಮೇಲೆ ಎಂದು ಪೋಣಿಸುತ್ತ ಹೋಗುವುದು ಅವರ ಪದ್ಧತಿ, ಹಾಗಾಗಿ ಅಂಗಿಯ ಬೆನ್ನಿಗೆ ಒಂದೇ ಹೆಸರು ಬರೆಸುವುದು ಅನಿವಾರ್ಯ. 2016ರಲ್ಲಿ ಪೋರ್ಚುಗಲ್ಲಿನ ಅಧ್ಯಕ್ಷರಾದವರು ಮಾರ್ಸೆಲೊ ರೆಬೆಲೊ ದೆ ಸೋಜ. ಮಂಗಳೂರಿನವರ ಕಿವಿಗೆ ಇದು ರೆಬೆಲ್ಲೊ ಮತ್ತು ಡಿಸೋಜ ಮನೆಗಳ ಮದುವೆ ಕಾಗದದಂತೆ ಕೇಳುತ್ತದೆ.

ಇಲ್ಲೊಂದು ಅಡ್ಡಕಥೆ. ಅಮೆರಿಕದ ಬ್ಯಾಂಡ್ ಸಂಗೀತದ ದೊರೆ ಜಾನ್ ಫಿಲಿಪ್ ಸೂಸಾನ ತಂದೆ ಪೋರ್ಚುಗೀಸ್ ಮನೆಯವನು. ಮೈಗೆ ಸುತ್ತಿಕೊಂಡು ಊದುವ ಆ ಭಾರೀ ಕಹಳೆಗೆ ಸೂಸಾಫೋನ್ ಎಂಬ ಹೆಸರು ಇವನಿಂದ. ಇವನ ನಿಜವಾದ ಹೆಸರು ‘ಸೊ’ ಅಂತ, ಪೆಟ್ಟಿಗೆಯ ಮೇಲೆ ‘ಎಸ್.ಒ., ಯು.ಎಸ್.ಎ.’ ಎಂದು ಬರೆದದ್ದು ಕೂಡಿ ಸೂಸಾ ಆಯಿತು ಅಂತ ಒಂದು ಪುಕಾರು ಊರೆಲ್ಲ ಸುತ್ತಿತು. ಅವನೇ ಅಲ್ಲಗಳೆದರೂ ಕಥೆ ಸಾಯಲಿಲ್ಲ. ಒಳ್ಳೆಯ ಸುಳ್ಳಿನ ಮುಂದೆ ಪಾಪದ ಹೊಳೆ ಏನು ಮಾಡೀತು?

ನಮ್ಮ ಕಡೆಯ ಡಿಸೋಜರು ಗೋವೆಯಿಂದ ದಕ್ಷಿಣಕ್ಕೆ ಬಂದದ್ದು ಒಂದೇ ದಿನದಲ್ಲಿ ಅಲ್ಲ, ಒಂದೇ ಕಾರಣಕ್ಕೂ ಅಲ್ಲ. ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆ, ಮರಾಠರ ದಾಳಿ, ಬರಗಾಲ, ಒಂದೊಂದು ಕಾಲಕ್ಕೆ ಒಂದೊಂದು ನೂಕಿತು. 1784ರಲ್ಲಿ ಟಿಪ್ಪು ಅವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಉಳಿದವರು ತಿರುಗಿ ಬಂದದ್ದು 1799ರಲ್ಲಿ ಅವನು ಸತ್ತ ಮೇಲೆ. ಅಲ್ಲಿಂದ ಘಟ್ಟ ಹತ್ತಿದ ಡಿಸೋಜರೂ ಇದ್ದಾರೆ, ಹತ್ತಿದ ಮೇಲೆ ಕನ್ನಡದವರೇ ಆಗಿಹೋದವರು. ಸಾಗರದಲ್ಲಿ ಹುಟ್ಟಿದ ನಾರ್ಬರ್ಟ್ ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಶರಾವತಿಯ ನೀರು ಊರುಗಳನ್ನು ನುಂಗುವುದನ್ನು ಹತ್ತಿರದಿಂದ ಕಂಡರು. ‘ಮುಳುಗಡೆ’, ‘ದ್ವೀಪ’ ಬರೆದರು. ನಾ. ಡಿಸೋಜ ಎಂದೇ ಮನೆಮಾತಾಗಿ 2014ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರ ಕಾದಂಬರಿ ಓದುವಾಗ ಪೋರ್ಚುಗಲ್ ನೆನಪಾದವರು ಯಾರಾದರೂ ಇದ್ದರೆ ನನಗೆ ತಿಳಿಸಿ.

ಕೆಲವು ಮನೆಗಳ ಹಿರಿಯರಿಗೆ, ದೀಕ್ಷೆಗೆ ಮೊದಲು ತಾವು ಪ್ರಭುವೋ ಕಾಮತರೋ ಶೆಣೈಯೋ ಎಂಬುದು ಇನ್ನೂ ಗೊತ್ತು. ಮದುವೆ ಮಾತುಕತೆಯಲ್ಲಿ ಅದು ಮೆಲ್ಲಗೆ ಹೊರಬರುತ್ತದೆ. ಆದರೆ ಈ ಸಂಗತಿಯನ್ನು ಅವರಿಗಿಂತ ಚೆನ್ನಾಗಿ ಕಾಪಾಡಿದವರು ನೆರೆಯ ತುಳುವರು. ತುಳುವಿನಲ್ಲಿ ಕ್ರೈಸ್ತ ಗಂಡಸರನ್ನು ಕರೆಯುವುದೇ ‘ಪೊರ್ಬು’ ಎಂದು, ಅಂದರೆ ಪ್ರಭು. ಹೆಂಗಸರು ‘ಬಾಯಮ್ಮ’. ಹೀಗಾಗಿ ಕಾಗದದಲ್ಲಿ ಎಷ್ಟೇ ಡಿಸೋಜ, ಲೋಬೊ, ಮಸ್ಕರೇನಸ್ ಎಂದಿದ್ದರೂ ಮಂಗಳೂರಿನ ಮೀನು ಮಾರ್ಕೆಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸು ಯಾವ ದಾಖಲೆಯನ್ನೂ ಕೇಳುವುದಿಲ್ಲ. ‘ಪೊರ್ಬುಲೆ, ಬಂಗುಡೆ ಬೋಡಾ?’ ಎನ್ನುತ್ತಾಳೆ. ನಮ್ಮ ಪೊರ್ಬುಗಳು ಕಿವಿರು ಎತ್ತಿ ನೋಡಿ, ಇದು ನಿನ್ನೆಯದ್ದಲ್ಲವೋ ಎಂದು ಚೌಕಾಸಿಗೆ ಶುರುಮಾಡುತ್ತಾರೆ.