ಒಂದು ಸೀಸೆ ಕಾಚಂಪುಳಿ

ಬೆಂಗಳೂರಿನಂಥ ಮಹಾನಗರದಲ್ಲಿ ದೊರೆಯದ ತಿನಿಸೆಂಬುದೇ ಇಲ್ಲವೆಂದು ಹೇಳುವುದು ವಾಡಿಕೆ. ಅದು ಬಹುಮಟ್ಟಿಗೆ ನಿಜವೂ ಹೌದು. ನಮ್ಮ ಬಡಾವಣೆಯ ದೊಡ್ಡ ಅಂಗಡಿಯೊಂದರಲ್ಲಿಯೇ ಇಟಲಿಯ ಆಲಿವ್ ಎಣ್ಣೆ, ಚೀನಾದ ಸೋಯಾ ರಸ, ಥಾಯ್ಲೆಂಡಿನ ಮೀನಿನ ಸಾರ, ಜಪಾನಿನ ಕಡಲಪಾಚಿಯ ಹಾಳೆ ಇವೆಲ್ಲವೂ ಒಂದೇ ಕಪಾಟಿನಲ್ಲಿ ನೆರೆಹೊರೆಯವರಂತೆ ಕುಳಿತಿರುತ್ತವೆ. ಹಣವೊಂದಿದ್ದರೆ ಯಾವ ದೇಶದ ಅಡಿಗೆಯನ್ನು ಬೇಕಾದರೂ ಸಂಜೆಯೊಳಗಾಗಿ ಮಾಡಿಬಿಡಬಹುದು. ಆದರೆ ಇಲ್ಲಿಂದ ಸುಮಾರು ೨೫೦ ಕಿಲೋಮೀಟರು ದೂರದಲ್ಲಿರುವ, ೧೯೫೬ರಿಂದ ನಮ್ಮದೇ ರಾಜ್ಯಕ್ಕೆ ಸೇರಿರುವ ಕೊಡಗಿನ ಒಂದು ಸೀಸೆ ಹುಳಿ ಬೇಕೆಂದು ಹೊರಟು ನೋಡಿ. ಆಗ ಈ ನಗರ ಎಷ್ಟು ದೊಡ್ಡದು, ಎಷ್ಟು ಬಡದು ಎರಡೂ ಒಟ್ಟಿಗೆ ತಿಳಿಯುತ್ತದೆ.

ಈ ಹುಡುಕಾಟಕ್ಕೆ ನನ್ನನ್ನು ಹಚ್ಚಿದವರು ನಮ್ಮ ಅವ್ವ. ತಂದೆಯವರು ತೀರಿಕೊಂಡ ಮೇಲೆ, ೨೦೧೭ರಲ್ಲಿ, ವಿರಾಜಪೇಟೆಯ ಕಡೆಯ ನಮ್ಮ ಹಳ್ಳಿಯ ಮನೆಗೆ ಬೀಗ ಹಾಕಿ ಅವರನ್ನು ಇಲ್ಲಿಗೆ ಕರೆತಂದೆವು. ಈಗ ಅವರಿಗೆ ಎಂಬತ್ತನಾಲ್ಕು. ನಾಲ್ಕನೆಯ ಮಹಡಿಯ ಮನೆ, ಎತ್ತಿಗೆ ಬಳಸುವ ಯಂತ್ರದ ಪೆಟ್ಟಿಗೆ, ಬಾಗಿಲು ಮುಚ್ಚಿಕೊಂಡೇ ಬದುಕುವ ನೆರೆಯವರು—ಯಾವುದನ್ನೂ ಅವರು ದೂರಲಿಲ್ಲ. ಆದರೆ ಮಳೆಗಾಲ ಬಂತೆಂದರೆ ಅವರ ಊಟ ಇಳಿದುಹೋಗುತ್ತಿತ್ತು. ವೈದ್ಯರು ಪರೀಕ್ಷಿಸಿ ಕಾಯಿಲೆಯೇನೂ ಇಲ್ಲವೆಂದರು. ಒಂದು ದಿನ ನನ್ನ ಮಗಳು ಅಜ್ಜಿಯ ಬಳಿ ಕುಳಿತು, “ಏನು ತಿನ್ನಬೇಕೆನಿಸುತ್ತದೆ?” ಎಂದು ಕೇಳಿದಳು. “ಇದು ಕಕ್ಕಡವಲ್ಲವೆ?” ಎಂದಷ್ಟೇ ಅವರು ಉತ್ತರ ಕೊಟ್ಟರು. ಮಗಳಿಗೆ ಅರ್ಥವಾಗಲಿಲ್ಲ; ನನಗೆ ಅರ್ಥವಾಯಿತು.

ಕೊಡಗಿನ ಅಡಿಗೆಯ ಮನೆ ಪಂಚಾಂಗವನ್ನು ನೋಡಿ ನಡೆಯುವಂಥದು. ಜುಲೈ ತಿಂಗಳ ನಡುವಿನಿಂದ ಆಗಸ್ಟಿನ ನಡುವಿನವರೆಗೆ ಇರುವ ಕಕ್ಕಡ ಮಾಸದಲ್ಲಿ ಮಳೆ ಬಿಡದೆ ಸುರಿಯುತ್ತದೆ. ಗದ್ದೆಯಲ್ಲಿ ನಾಟಿಯ ಕೆಲಸ. ಶುಭಕಾರ್ಯಗಳಿಗೆಲ್ಲ ಬಿಡುವು. ಆಗ ತಿನ್ನುವುದು ಮಳೆಯೇ ಕೊಟ್ಟದ್ದನ್ನು: ಎಳೆಯ ಬಿದಿರಿನ ಮೊಳಕೆಯ ಬೈಂಬಳೆ ಕರಿ, ಕೆಸುವಿನ ಎಲೆಯ ಕೆಂಬು ಕರಿ, ನೆಲದಿಂದ ತಾನಾಗಿ ಎದ್ದ ಅಣಬೆಯ ಕುಮ್ಮು ಕರಿ, ಗದ್ದೆಯ ಬದುವಿನ ಏಡಿ. ಬಿದಿರಿನ ಮೊಳಕೆಯನ್ನು ಸಣ್ಣಗೆ ಹೆಚ್ಚಿ, ನೀರು ಬದಲಾಯಿಸುತ್ತ ನೆನೆಯಿಟ್ಟು, ಅದರ ಕಹಿಯನ್ನೂ ವಿಷವನ್ನೂ ತೆಗೆದ ಮೇಲೆಯೇ ಒಲೆಗೇರಿಸುವುದು. ಸೆಪ್ಟೆಂಬರಿನ ಆದಿಯಲ್ಲಿ ಆಯುಧಗಳಿಗೆ ಪೂಜೆಯಾಗುವ ಕೈಲ್‌ಪೊಳ್ದ್ ಬಂದಿತೆಂದರೆ ಪಂದಿ ಕರಿ ಮತ್ತು ಕಡಂಬುಟ್ಟು. ಹೊಸ ಅಕ್ಕಿಯ ಪುತ್ತರಿಯಲ್ಲಿ ಬಾಳೆಯ ಹಣ್ಣಿಗೆ ಹುರಿದ ಅಕ್ಕಿಯ ಹಿಟ್ಟು ಬೆರೆಸಿದ ತಂಬುಟ್ಟು, ಜೊತೆಗೆ ಬೇಯಿಸಿದ ಗೆಣಸು. ಇವುಗಳಲ್ಲಿ ಯಾವುದೂ ಅಂಗಡಿಯಲ್ಲಿ ಹುಟ್ಟಿದ್ದಲ್ಲವಾದ್ದರಿಂದ ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವುದೂ ಇಲ್ಲ.

ಇಷ್ಟಕ್ಕೂ ಮುಖ್ಯವಾದದ್ದು ಕಾಚಂಪುಳಿ. ಶಾಕಾಹಾರಿಗಳಾದ ಓದುಗರು ಮುಂದಿನ ಒಂದೆರಡು ಸಾಲುಗಳಲ್ಲಿ ಮೂಗು ಮುರಿಯದೆ ನನ್ನನ್ನು ಕ್ಷಮಿಸಬೇಕು. ಹಂದಿಯ ಮಾಂಸದ ಪಂದಿ ಕರಿಗೆ ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆ, ಮೆಂತ್ಯಗಳನ್ನು ಕಪ್ಪಾಗುವಷ್ಟು ಹುರಿದು ಪುಡಿಮಾಡಿ ಹಾಕುತ್ತಾರೆ. ಆದರೆ ಆ ಕಪ್ಪಿಗೆ ಹೊಳಪನ್ನೂ ಕೊಬ್ಬಿಗೆ ಕಡಿವಾಣವನ್ನೂ ಕೊಡುವುದು ಕೊನೆಯಲ್ಲಿ ಬೀಳುವ ಒಂದೆರಡು ಚಮಚ ಕಾಚಂಪುಳಿ. ಹುಣಿಸೆಹಣ್ಣು ಹಾಕಿದರೆ ಸಾರಿನ ನೆನಪಾಗುತ್ತದೆ. ವಿನೆಗರ್ ಹಾಕಿದರೆ ಗೋವೆಯ ನೆನಪಾಗುತ್ತದೆ. ನಿಂಬೆಯ ಹುಳಿ ತಟ್ಟೆಗೆ ಬರುವುದರೊಳಗೆ ಮಾಯವಾಗುತ್ತದೆ.

ಈ ಹುಳಿಯ ಮೂಲ ಸಸ್ಯಶಾಸ್ತ್ರಜ್ಞರು ಗಾರ್ಸಿನಿಯಾ ಗಮ್ಮಿಗುಟ್ಟ ಎಂದು ಕರೆಯುವ ಮರ. ಪಶ್ಚಿಮಘಟ್ಟದ ಉದ್ದಕ್ಕೂ ಬೆಳೆಯುವ ಈ ಮರ ಉತ್ತರಕನ್ನಡದವರಿಗೆ ಉಪ್ಪಾಗೆ. ಅಲ್ಲಿ ಅದರ ಬೀಜದಿಂದ ತುಪ್ಪ ತೆಗೆಯುವರು. ಕೇರಳದವರಿಗೆ ಅದೇ ಕುಡಂಪುಳಿ. ಸಿಪ್ಪೆಯನ್ನು ಒಣಗಿಸಿ ಹೊಗೆಗೆ ಹಿಡಿದು ಮೀನಿನ ಸಾರಿಗೆ ಹಾಕುವರು. ಕೊಡಗಿನವರು ಮಾತ್ರ ಮಳೆಗಾಲದಲ್ಲಿ ಮಾಗಿ ಬಿದ್ದ ಹಳದಿಯ ಹಣ್ಣುಗಳನ್ನು ಆಯ್ದು, ಬುಟ್ಟಿಯಲ್ಲಿ ತುಂಬಿ, ಅದರ ಕೆಳಗೆ ಪಾತ್ರೆಯಿಟ್ಟು, ಹಣ್ಣು ತಾನಾಗಿ ಕರಗಿ ತೊಟ್ಟುತೊಟ್ಟಾಗಿ ಇಳಿಯುವ ರಸಕ್ಕೆ ದಿನಗಟ್ಟಲೆ ಕಾಯುವರು. ಆ ರಸವನ್ನು ಸೌದೆಯ ಒಲೆಯ ಮೇಲೆ ಬಹಳ ಹೊತ್ತು ಕುದಿಸಿ ಬತ್ತಿಸಿದರೆ ಕೀಲೆಣ್ಣೆಯಂತೆ ಕಪ್ಪಗೆ ಮಂದವಾದ ಹುಳಿ ಸಿದ್ಧವಾಗುತ್ತದೆ. ಬುಟ್ಟಿ ತುಂಬ ಹಣ್ಣು, ಕೈಯಲ್ಲಿ ಉಳಿಯುವುದು ಸ್ವಲ್ಪವೇ. ಆದರೆ ಚೆನ್ನಾಗಿ ಬತ್ತಿಸಿದ್ದು ವರ್ಷಗಟ್ಟಲೆ ಕೆಡದು. ಮರ ಒಂದೇ, ಮೂರು ಸೀಮೆಗಳಲ್ಲಿ ಮೂರು ಬಾಳು! ಬೆಂಗಳೂರಿನ ಮಲೆಯಾಳಿ ಅಂಗಡಿಗಳಲ್ಲಿ ಕುಡಂಪುಳಿ ಧಾರಾಳವಾಗಿ ಸಿಕ್ಕುತ್ತದೆ. ಅದನ್ನು ತಂದು ತೋರಿಸಿದಾಗ ಅವ್ವ ಮೂಸಿ ನೋಡಿ, “ಇದು ನಮ್ಮ ಮರದ್ದೇ, ಆದರೆ ಬೇರೆ ಮನೆಯ ಮಗಳು” ಎಂದರು.

ಹುಡುಕಾಟದ ಮೊದಲ ತಿಂಗಳಲ್ಲಿ ಕಾಚಂಪುಳಿ ಎಂಬ ಚೀಟಿ ಅಂಟಿಸಿದ ಮೂರು ಸೀಸೆಗಳು ನಮ್ಮ ಮನೆ ಸೇರಿದವು. ಒಂದು ಅಂಗಡಿಯದು, ಒಂದು ಅಂಚೆಯಲ್ಲಿ ಬಂದದ್ದು, ಒಂದು ಮಡಿಕೇರಿಗೆ ಪ್ರವಾಸ ಹೋಗಿಬಂದ ಮಿತ್ರರ ಕಾಣಿಕೆ. ಅವ್ವ ಮೂರನ್ನೂ ಕಿಟಕಿಯ ಬೆಳಕಿಗೆ ಹಿಡಿದು ಓರೆಮಾಡಿದರು. ಎರಡರಲ್ಲಿ ರಸ ನೀರಿನಂತೆ ಓಡಾಡಿತು. ಸೀಸೆಯ ಗೋಡೆಗೆ ಅಂಟಲಿಲ್ಲ. ಮೂರನೆಯದು ಅಂಟಿತು, ಆದರೆ ನಾಲಗೆಗೆ ಬೆಲ್ಲದ ಪಾಕ ತಾಕಿತು. ಮೂರನ್ನೂ ಮುಚ್ಚಿ ಪಕ್ಕಕ್ಕಿಟ್ಟು ಅವರು ಒಂದು ಮಾತನ್ನೂ ಆಡಲಿಲ್ಲ. ನ್ಯಾಯಾಧೀಶರು ತೀರ್ಪನ್ನು ಓದದೆ ಎದ್ದುಹೋದರೆ ಹೇಗಿರುತ್ತದೆಯೋ ಹಾಗಿತ್ತು.

ನಿಜವಾದ ದಾರಿ ಅಂಗಡಿಯಲ್ಲಿಲ್ಲ, ಜನರಲ್ಲಿದೆ ಎಂಬುದು ಕ್ರಮೇಣ ತಿಳಿಯಿತು. ವಸಂತನಗರದ ಕೊಡವ ಸಮಾಜದಲ್ಲಿ ಮದುವೆಗಳಾಗುವಾಗ ಊಟದ ಪಂಕ್ತಿಯಲ್ಲಿ ಪಕ್ಕದವರನ್ನು ಮಾತಿಗೆಳೆಯಬೇಕು. ಯಾರ ಅತ್ತೆ ಇನ್ನೂ ತೋಟದಲ್ಲಿದ್ದಾರೆ, ಯಾರ ಮನೆಯ ಹಿಂದೆ ಪಣಂಪುಳಿಯ ಮರ ಉಳಿದಿದೆ, ಯಾರು ಮುಂದಿನ ವಾರ ಗೋಣಿಕೊಪ್ಪಕ್ಕೆ ಹೋಗುತ್ತಾರೆ ಎಂಬ ವರ್ತಮಾನವೆಲ್ಲ ಅಲ್ಲಿ ಪಾಯಸದ ಹೊತ್ತಿಗೆ ಹೊರಬೀಳುತ್ತದೆ. ಕೊಡಗಿಗೆ ರೈಲಿಲ್ಲ, ಆದ್ದರಿಂದ ಸಾಮಾನೆಲ್ಲ ರಸ್ತೆಯ ಮೇಲೆಯೇ ಬರಬೇಕು. ಹೀಗೆ ಪರಿಚಯವಾದ ಒಬ್ಬ ಹಿರಿಯ ಹೆಂಗಸು ತಮ್ಮ ಮನೆಯ ಒಂದು ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಮೈಸೂರಿನ ಮಾರ್ಗವಾಗಿ ಕಳುಹಿಸಿಕೊಟ್ಟರು. ಅವ್ವ ಅದನ್ನು ಓರೆಮಾಡಿದರು. ರಸ ಅವಸರವಿಲ್ಲದೆ ಇಳಿಯಿತು. ಅಂದು ರಾತ್ರಿ ಅವರು ಎರಡು ಕಡಂಬುಟ್ಟು ಹೆಚ್ಚಾಗಿ ತಿಂದರು.

ಕಡಂಬುಟ್ಟಿಗೂ ಒಂದು ಕಥೆಯುಂಟು. ಅದಕ್ಕೆ ಬೇಕಾದದ್ದು ಅಕ್ಕಿಯ ತರಿ. ರವೆಯಂತೆ ಒಡೆದದ್ದು, ಹಿಟ್ಟಾಗಿರಬಾರದು. ಅದನ್ನು ನೀರಿನಲ್ಲಿ ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಆವಿಯಲ್ಲಿ ಬೇಯಿಸುವುದು. ಅದೇ ತರಿಗೆ ಹಾಲು, ಕಾಯಿತುರಿ ಸೇರಿಸಿ ತಟ್ಟೆಯಲ್ಲಿ ಬೇಯಿಸಿದರೆ ಪಾಪುಟ್ಟು. ನಗರದಲ್ಲಿ ಇಡ್ಲಿಯ ರವೆ ಸಿಕ್ಕುತ್ತದೆ. ಅದು ಕುಸುಬಲಕ್ಕಿಯದಾದ್ದರಿಂದ ಉಂಡೆಗೆ ಆ ಬಿಳುಪೂ ಬರದು, ಮೆದುವೂ ಬರದು. ಕೊನೆಗೆ ಹಳೆಯ ಬಡಾವಣೆಯೊಂದರ ಗಿರಣಿಯವನಿಗೆ ಅವ್ವನೇ ಎದುರು ನಿಂತು ಕಲ್ಲಿನ ಸಡಿಲು ಎಷ್ಟಿರಬೇಕೆಂದು ಬೆರಳಿನಿಂದ ತೋರಿಸಿ ತರಿ ಮಾಡಿಸಿದರು. ಈಗ ಆತ ನಮ್ಮನ್ನು ಕಂಡೊಡನೆ ಕೇಳದೆಯೇ ಕಲ್ಲನ್ನು ಸಡಿಲಿಸುತ್ತಾನೆ.

ಮದ್ದುಸೊಪ್ಪಿನ ಮಾತೇ ಬೇರೆ. ಕಕ್ಕಡದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ೩ರ ಸುಮಾರಿಗೆ, ಈ ಗಿಡದಲ್ಲಿ ಹದಿನೆಂಟು ಬಗೆಯ ಔಷಧಿಗಳು ಸೇರಿರುತ್ತವೆಂದು ಕೊಡಗಿನವರ ನಂಬಿಕೆ. ಎಲೆಯನ್ನೂ ಕಡ್ಡಿಯನ್ನೂ ಕುದಿಸಿದರೆ ನೇರಳೆಯ ಬಣ್ಣದ ಕಷಾಯ ಇಳಿಯುತ್ತದೆ. ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನಹಾಲು ಸೇರಿಸಿ ಪಾಯಸ ಮಾಡುವರು. ತಿಂದವರ ಮೂತ್ರವೂ ಕೆಂಪಾಗುವುದರಿಂದ ಮಕ್ಕಳಿಗೆ ಮರುದಿನ ಬೆಳಗ್ಗೆ ಅದೊಂದು ವಿನೋದ. ಈ ಸೊಪ್ಪು ಈಗ ಆ ಒಂದೆರಡು ದಿನಗಳ ಮಟ್ಟಿಗೆ ಬೆಂಗಳೂರಿಗೂ ಕಟ್ಟುಕಟ್ಟಾಗಿ ಬರುತ್ತದೆ. ಆದರೆ ೨೦೧೮ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು, ರಸ್ತೆಗಳು ಮುರಿದು, ಜನ ಮನೆಮಠಗಳನ್ನು ಕಳೆದುಕೊಂಡಾಗ ಊಟದ ಹಂಬಲವನ್ನು ಬಾಯಿಬಿಟ್ಟು ಹೇಳುವುದಕ್ಕೂ ನಾಚಿಕೆಯಾಯಿತು. ಆ ತಿಂಗಳು ಅವ್ವ ದೂರವಾಣಿಯ ಪಕ್ಕದಲ್ಲಿಯೇ ಕುಳಿತು ಕಳೆದರು.

ಒಂದು ಪ್ರಶ್ನೆ ನನ್ನನ್ನು ಆಗಾಗ್ಗೆ ಕಾಡಿದೆ. ಹೀಗೆ ಅಸಲಿ, ನಕಲಿ ಎಂದು ಹಠ ಹಿಡಿಯುವುದರಲ್ಲಿ ಅರ್ಥವುಂಟೆ? ಚೀನೀ ಅಡಿಗೆಯ ವಿಷಯವನ್ನೇ ನೋಡಿ. ಚರ್ಮ ಹದಮಾಡುವ ಕಸುಬಿನ ಹಕ್ಕಾ ಚೀನೀಯರು ಕಲ್ಕತ್ತೆಯ ತಾಂಗ್ರಾದಲ್ಲಿ ನೆಲಸಿ, ತಮ್ಮ ಅಡಿಗೆಗೆ ಇಲ್ಲಿಯ ಹಸಿಮೆಣಸಿನಕಾಯನ್ನು ಸೇರಿಸಿ ಹೊಸತೊಂದು ರುಚಿಯನ್ನೇ ಕಟ್ಟಿದರು. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಅವರು ೧೯೭೫ರಲ್ಲಿ ಬೊಂಬಾಯಿಯಲ್ಲಿ ಮೊದಲು ಮಾಡಿದರೆಂದು ಪ್ರಸಿದ್ಧವಾದ ಮಂಚೂರಿಯನ್ನಿಗೂ ಮಂಚೂರಿಯಕ್ಕೂ ಸಂಬಂಧವಿಲ್ಲ; ಅದರ ಹೂಕೋಸಿನ ಅವತಾರವಾದ ಗೋಬಿ ಇಂದು ನಮ್ಮ ಊರೂರಿನ ತಳ್ಳುಗಾಡಿಯ ಒಡೆಯ. ೨೦೨೪ರ ಮಾರ್ಚಿನಲ್ಲಿ ಅದರ ಕೃತಕ ಬಣ್ಣವನ್ನು ನಿಷೇಧಿಸಲು ಸರಕಾರವೇ ಆಜ್ಞೆ ಹೊರಡಿಸಬೇಕಾಯಿತು! ಕುಶಾಲನಗರದಿಂದ ಕಾವೇರಿಯನ್ನು ದಾಟಿದರೆ ಬೈಲಕುಪ್ಪೆ. ೧೯೬೦ರ ದಶಕದ ಆದಿಯಲ್ಲಿ ಅಲ್ಲಿ ನೆಲಸಿದ ಟಿಬೆಟ್ಟಿನ ನಿರಾಶ್ರಿತರು ಬಾರ್ಲಿಯ ಹುರಿಹಿಟ್ಟಿನ ನಾಡಿನಿಂದ ಬಂದು ಮುಸುಕಿನ ಜೋಳ ಬೆಳೆಯಲು ಕಲಿತರು. ಅವರ ಮೊಮೊ, ಥುಕ್ಪಾಗಳನ್ನು ಈಗ ಕೊಡಗಿನ ಮಕ್ಕಳೇ ಹುಡುಕಿಕೊಂಡು ಹೋಗಿ ತಿನ್ನುತ್ತಾರೆ. ವಲಸೆ ಹೋದವರ ಒಲೆ ಬದಲಾಗದೆ ಉರಿಯಲಾರದು.

ಇದನ್ನೆಲ್ಲ ಅವ್ವನಿಗೆ ವಿವರಿಸಿದೆ. ಅವರು ಸಮಾಧಾನದಿಂದ ಕೇಳಿ, “ಬದಲಾಯಿಸಲಿ, ಬೇಡವೆಂದವರಾರು? ಆದರೆ ಮೊದಲಿನದು ಹೇಗಿತ್ತೆಂದು ಗೊತ್ತಿರುವವರು ಒಬ್ಬರಾದರೂ ಇರಬೇಕು” ಎಂದರು. ಅವರ ಹಠಕ್ಕೆ ಆಧಾರ ಇದೇ.

ಆ ಒಬ್ಬರು ಊರಿನಲ್ಲಿಯೂ ಕಡಮೆಯಾಗುತ್ತಿದ್ದಾರೆ ಎಂಬುದೇ ನನ್ನ ನಿಜವಾದ ಚಿಂತೆ. ಕಳೆದ ಮಳೆಗಾಲದಲ್ಲಿ ಹಳ್ಳಿಗೆ ಹೋದಾಗ ನಮ್ಮ ದಾಯಾದಿಗಳ ಗದ್ದೆಗಳಲ್ಲಿ ಅರ್ಧ ಪಾಳು ಬಿದ್ದಿದ್ದವು. ಗದ್ದೆಯಿಲ್ಲದ ಕಡೆ ಏಡಿಯಿಲ್ಲ, ಸಣ್ಣಕ್ಕಿಯೂ ಇಲ್ಲ. ಹಣ್ಣು ಬಿದ್ದ ದಿನವೇ ಆಯಲು ಆಳುಗಳಿಲ್ಲದೆ ನಮ್ಮ ಮರದಡಿಯಲ್ಲಿ ಪಣಂಪುಳಿ ಕೊಳೆಯುತ್ತಿತ್ತು. ನಡುವೆ ಕೆಲವು ವರ್ಷ ಇದೇ ಹಣ್ಣಿನ ಸಿಪ್ಪೆ ಬೊಜ್ಜು ಕರಗಿಸುವ ಗುಳಿಗೆಯೆಂದು ವಿದೇಶಗಳಲ್ಲಿ ಹೆಸರಾಗಿ ಬೇಡಿಕೆ ಏರಿತ್ತು. ೧೯೯೮ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯೊಂದು, ಬರಿಯ ಹುಸಿಗುಳಿಗೆಗಿಂತ ಅದರಿಂದ ಹೆಚ್ಚಿನ ಫಲವೇನೂ ಕಾಣಲಿಲ್ಲವೆಂದು ತಿಳಿಸಿತು. ಬೊಜ್ಜು ಕರಗಿಸುವುದಾದರೆ ಪಂದಿ ಕರಿಯ ಜೊತೆ ಶತಮಾನಗಳಿಂದ ತಿಂದ ನಮ್ಮವರೆಲ್ಲ ಕಡ್ಡಿಯಾಗಿರಬೇಕಿತ್ತು ಎಂದು ಅವ್ವ ನಕ್ಕರು.

ಮಗಳು ಈಗ ಭಾನುವಾರಗಳಲ್ಲಿ ಅಜ್ಜಿಯ ಪಕ್ಕದಲ್ಲಿ ತಕ್ಕಡಿಯಿಟ್ಟುಕೊಂಡು ನಿಲ್ಲುತ್ತಾಳೆ. ಅಜ್ಜಿಯ “ಒಂದು ಹಿಡಿ” ಎಷ್ಟು ಗ್ರಾಮೆಂದು ತೂಗುತ್ತಾಳೆ. “ಕಪ್ಪಾಗುವವರೆಗೆ” ಎಂಬುದು ಎಷ್ಟು ನಿಮಿಷವೆಂದು ಬರೆದುಕೊಳ್ಳುತ್ತಾಳೆ. ಹಿಡಿ ಪ್ರತಿಸಲವೂ ಬೇರೆಯಾಗುತ್ತದೆ, ರುಚಿ ಮಾತ್ರ ಒಂದೇ ಬರುತ್ತದೆ ಎಂಬುದು ಅವಳ ದೊಡ್ಡ ದೂರು. ಆದರೂ ಪುಸ್ತಕದ ಹಾಳೆಗಳು ತುಂಬುತ್ತಿವೆ.

ಊರಿನ ತೋಟದ ಅಂಚಿನಲ್ಲಿ ಪಣಂಪುಳಿಯ ಸಸಿಗಳನ್ನು ನೆಡುವುದೆಂದು ನಿಶ್ಚಯಿಸಿದ್ದೇವೆ. ಬೀಜದ ಸಸಿ ಫಲ ಕೊಡಲು ಹತ್ತು ಹನ್ನೆರಡು ವರ್ಷ ಬೇಕು; ಅದರಲ್ಲಿಯೂ ಗಂಡು ಮರವಾದರೆ ಹಣ್ಣೇ ಇಲ್ಲ. ಕಸಿ ಸಸಿಯಾದರೆ ಮೂರು ನಾಲ್ಕು ವರ್ಷಗಳಲ್ಲಿಯೇ ಫಲ ಕಾಣಬಹುದು. ಯಾವುದನ್ನು ತರಲೆಂದು ಅವ್ವನನ್ನು ಕೇಳಿದೆ. ಅವರು ಬೆರಳು ಮಡಿಸಿ ಲೆಕ್ಕ ಹಾಕಿ, ಎರಡನ್ನೂ ತರಲು ಹೇಳಿದರು. ಕಸಿಯ ಹಣ್ಣನ್ನು ತಾವೇ ಬುಟ್ಟಿಗೆ ತುಂಬಿ ತೋರಿಸಿಕೊಡುವರಂತೆ. ಬೀಜದ ಮರ ಫಲಕ್ಕೆ ಬರುವ ಹೊತ್ತಿಗೆ ಆ ಕೆಲಸ ಮೊಮ್ಮಗಳಿಗೆ ಬಂದಿರಬೇಕಂತೆ.