ನಮ್ಮ ಶಾಲೆಯ ಬರ್ಫಪ್ಪ

ಡಿಸೆಂಬರ್ ಬಂತೆಂದರೆ ಪೇಟೆಯ ಸ್ಟೇಷನರಿ ಅಂಗಡಿಗಳಲ್ಲಿ ಒಂದು ಬಿಳಿ ಗೊಂಬೆ ಕಾಣಿಸಿಕೊಳ್ಳುತ್ತದೆ. ಒಂದರ ಮೇಲೊಂದು ಮೂರು ಉಂಡೆ, ಗಜ್ಜರಿಯ ಮೂಗು, ತಲೆಗೆ ಕರಿ ಟೊಪ್ಪಿಗೆ, ಕೈಯಲ್ಲಿ ಕಸಬರಿಗೆ. ಇಂಗ್ಲಿಷ್ ಮಾಧ್ಯಮದ ನರ್ಸರಿ ಮಕ್ಕಳಿಗೆ ಇದನ್ನು ಮನೆಯಲ್ಲಿ ಮಾಡಿಕೊಂಡು ಬರಲು ಹೇಳುತ್ತಾರೆ. ಮಾಡುವವರು ತಾಯಂದಿರು. ಥರ್ಮಾಕೋಲ್ ಉಂಡೆ ಕೊಂಡು ತಂದು ರಾತ್ರಿ ಕುಳಿತು ಅಂಟಿಸುತ್ತಾರೆ, ಬೆಳಿಗ್ಗೆ ಮಗು ಅದನ್ನು ಹೊತ್ತುಕೊಂಡು ಹೋಗುತ್ತದೆ. ಮಗುವಿನ ಕೈಗೆ ಅಂಟು ಕೂಡ ತಾಗಿರುವುದಿಲ್ಲ.

ನಾನು ಕಲಿಸುವುದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಜತ್ತ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಕಚೇರಿಯ ಕಾಗದಪತ್ರ ಮರಾಠಿ, ಮಕ್ಕಳ ಮನೆಮಾತು ಕನ್ನಡ. ಪಠ್ಯಪುಸ್ತಕ ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲೇ ಬರುತ್ತದೆ. ಮಳೆಯೇ ಅಪರೂಪದ ಈ ಸೀಮೆಯಲ್ಲಿ ಹಿಮವನ್ನು ಕಂಡವರು ಯಾರು? ನಮ್ಮ ಮಕ್ಕಳಿಗೆ ಗೊತ್ತಿರುವುದು ಆಣೆಕಲ್ಲು ಒಂದೇ. ಹಿಮದ ಚಿತ್ರ ತೋರಿಸಿದಾಗ ಒಬ್ಬ ಹುಡುಗ, “ಆಣಿಕಲ್ಲ ಇಷ್ಟ ಬಿದ್ರ ದ್ರಾಕ್ಷಿ ಪೂರಾ ಹೋಗ್ತಾವ್ರಿ ಗುರುಜಿ” ಎಂದ. ಅವನಿಗೆ ಬಿಳುಪು ಚೆಂದ ಕಾಣಲಿಲ್ಲ, ನಷ್ಟ ಕಂಡಿತು.

“ಇಂಥಾ ಗೊಂಬಿ ನಮಗ್ಯಾಕ್ರಿ? ಮಣ್ಣೆತ್ತು ಮಾಡಸ್ರಿ ಸಾಕು” ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದುಂಟು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿಸುತ್ತೇವೆ. ಆದರೆ ಎತ್ತಿಗೆ ಕೋಡು ಬೇಕು, ನಾಲ್ಕು ಕಾಲು ನೆಟ್ಟಗೆ ನಿಲ್ಲಬೇಕು, ಇಣಿ ಬರಬೇಕು. ಒಂದನೆಯ ಇಯತ್ತೆಯ ಮಗುವಿಗೆ ಅದು ಕಷ್ಟ. ಉಂಡೆ ಹಾಗಲ್ಲ. ಸಣ್ಣ ಕೈಗೆ ಮೊದಲು ಒಲಿಯುವ ಆಕಾರವೇ ಉಂಡೆ. ದೊಡ್ಡದು, ನಡುವಿನದು, ಸಣ್ಣದು ಎಂದು ಜೋಡಿಸಿದರೆ ಗಣಿತದ ಮೊದಲ ಪಾಠವೂ ಆಯಿತು. ಕೆಳಗೆ, ಮೇಲೆ, ದುಂಡಗೆ, ಮೆತ್ತಗೆ ಎನ್ನುವ ಮಾತುಗಳೆಲ್ಲ ಆ ಹೊತ್ತಿಗೆ ತಾವಾಗಿಯೇ ಬಾಯಿಗೆ ಬರುತ್ತವೆ.

ಹೆಸರಿನದೊಂದು ತೊಡಕು ಇತ್ತು. ಹಿಮಮಾನವ ಎಂದರೆ ಹಿಮಾಲಯದಲ್ಲಿ ಇದ್ದಾನೆಂದು ಕತೆ ಹೇಳುವ ಆ ರೋಮದ ದೈತ್ಯ, ‘ಯೇತಿ’. ಮಕ್ಕಳು ಹೆದರಿಯಾರು ಎಂದು ನಾನು ‘ಹಿಮದ ಗೊಂಬೆ’ ಎಂದೆ. ಅವರು ಅದನ್ನೂ ಒಪ್ಪಲಿಲ್ಲ. ಈ ಕಡೆ ಮಂಜುಗಡ್ಡೆಗೆ ಬರ್ಫ ಎನ್ನುತ್ತಾರಲ್ಲ, ಅದಕ್ಕೆ ಅಪ್ಪನನ್ನು ಸೇರಿಸಿ ‘ಬರ್ಫಪ್ಪ’ ಎಂದರು. ಅಂದಿನಿಂದ ನಮ್ಮ ಶಾಲೆಯಲ್ಲಿ ಅವನ ಹೆಸರು ಅದೇ.

ಹಿಮ ಉಂಡೆಯಾಗುವುದು ಹೇಗೆಂದು ಹೇಳಲು ಜೋಳದ ಹಿಟ್ಟು ನೆರವಿಗೆ ಬಂತು. ಒಣ ಹಿಟ್ಟು ಹಿಡಿದರೆ ಉದುರುತ್ತದೆ, ಎಸರು ಬಿದ್ದರೆ ಮುದ್ದೆಯಾಗುತ್ತದೆ. ಹಿಮದಲ್ಲಿಯೂ ತೀರ ಚಳಿಯ ಒಣ ಹಿಮ ಪುಡಿಪುಡಿ, ಕೈಯಲ್ಲಿ ನಿಲ್ಲುವುದಿಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ತುಸು ನೀರಾಡುವ ಹಿಮ ಮಾತ್ರ ಅಂಟಿಕೊಳ್ಳುತ್ತದೆ. ಜಪಾನಿನಲ್ಲಿ ಎರಡೇ ಉಂಡೆ ಇಡುತ್ತಾರೆ, ಅಮೆರಿಕದಲ್ಲಿ ಸಾಮಾನ್ಯವಾಗಿ ಮೂರು. ಅಲ್ಲಿಯ ಮೇನ್ ರಾಜ್ಯದ ಬೆಥೆಲ್ ಊರಿನವರು 2008ರಲ್ಲಿ 122 ಅಡಿ ಎತ್ತರದ್ದನ್ನು ಕಟ್ಟಿದ್ದರು. ಹನ್ನೆರಡು ಅಡಿ ಎತ್ತರದ ನಮ್ಮ ಶಾಲೆಯನ್ನು ಒಂದರ ಮೇಲೊಂದು ಹತ್ತು ಸಲ ಇಟ್ಟ ಹಾಗೆ ಎಂದಾಗ ಮಕ್ಕಳು ಮಾಳಿಗೆ ನೋಡಿದರು.

ಈಗ ಮಾಡುವ ಬಗೆ. ಮೂರೂ ನಮ್ಮಲ್ಲಿ ಮಾಡಿ ನೋಡಿದವೇ. ಖರ್ಚು ಇಲ್ಲವೆಂದರೂ ನಡೆದೀತು.

ಒಂದು, ಪಾಟಿಯ ಬರ್ಫಪ್ಪ. ಇದು ಅಂಗನವಾಡಿಯ ಮಕ್ಕಳಿಗೆ. ಖಡುವನ್ನು ನೀರಿನಲ್ಲಿ ಅದ್ದಿ ಪಾಟಿಯ ಮೇಲೆ ಮೂರು ಸುತ್ತು ಬರೆದು ಒಳಗೆ ತುಂಬಿಸುವುದು. ಬರೆಯುವಾಗ ಕಾಣಿಸುವುದಿಲ್ಲ, ಆರಿದ ಮೇಲೆ ಬೆಳ್ಳಗೆ ಮೂಡುತ್ತದೆ. ಆ ಮೂಡುವುದನ್ನು ನೋಡಲು ಮಕ್ಕಳು ಪಾಟಿಯನ್ನು ಬಿಸಿಲಿಗೆ ಹಿಡಿದು ನಿಲ್ಲುತ್ತಾರೆ.

ಎರಡು, ಅರಳೆಯ ಬರ್ಫಪ್ಪ. ಹಳೆಯ ಗಾದಿಯ ಅರಳೆಯನ್ನು ಬಿಸಿಲಿಗೆ ಹಾಕಿ, ಝಾಡಿಸಿ ಇಟ್ಟುಕೊಳ್ಳಿ. ರಟ್ಟಿನ ಮೇಲೆ ಸಣ್ಣ ತಾಟು, ವಾಟಿ, ಬಳೆ ಇಟ್ಟು ಮೂರು ಸುತ್ತು ಎಳೆಸಿ. ಅಂಟಿಗೆ ಎರಡು ಚಮಚ ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದು ಲೋಟ ಕುದಿಯುವ ನೀರನ್ನು ಸುರಿಯುತ್ತ ತಿರುವಿ. ಈ ಕೆಲಸ ದೊಡ್ಡವರದು. ಆರಿದ ಮೇಲೆ ಮಕ್ಕಳಿಗೆ ಕೊಡಿ. ಎರಡು ದಿನದಲ್ಲಿ ಹುಳಿಯಾಗುತ್ತದೆ, ಅಷ್ಟರೊಳಗೆ ಮುಗಿಸಿ.

ಮೂರು, ಕಾಗದದ ಬರ್ಫಪ್ಪ. ತುಂಬಿದ ವಹಿಗಳ ಹಾಳೆ ಹರಿದು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಮಕ್ಕಳೇ ಕಿವುಚಲಿ, ಹಿಂಡಲಿ. ಅದಕ್ಕೆ ಮೈದಾ ಅಂಟು ಸೇರಿಸಿ ನಾದಿದರೆ ಹಿಟ್ಟಿನ ಹದ ಬರುತ್ತದೆ. ದೊಡ್ಡ ಉಂಡೆಯ ಒಳಗೆ ಹಳೆಯ ವರ್ತಮಾನ ಪತ್ರಿಕೆಯ ಚೆಂಡು ಇಟ್ಟು ದಾರ ಸುತ್ತಿ, ಮೇಲೆ ಅರ್ಧ ಬೆರಳು ದಪ್ಪ ಮೆತ್ತಿದರೆ ಬೇಗ ಒಣಗುತ್ತದೆ. ಮೂರನ್ನೂ ಒಂದು ತೊಗರಿ ಕಟ್ಟಿಗೆಗೆ ಪೋಣಿಸಿ ನಾಲ್ಕೈದು ದಿನ ಬಿಸಿಲಿಗೆ ಇಡಿ. ಮೇಲೆ ಖಡುವಿನ ಪುಡಿ ಕಲಸಿದ ಅಂಟು ಬಳಿದರೆ ಬಿಳಿ ಬಣ್ಣ ಬಂತು.

ಕಣ್ಣಿಗೆ ಇದ್ದಿಲ ಚೂರು ಸಾಕು. ಕಡಲೆ, ಹುಣಸೆಬೀಜ ಬೇಡ. ಸಣ್ಣ ಮಕ್ಕಳು ಮೂಗಿಗೆ, ಕಿವಿಗೆ ಹಾಕಿಕೊಳ್ಳುತ್ತಾರೆ.

ಇಷ್ಟು ಆದ ಮೇಲೆ ಮಾಸ್ತರರು ಸುಮ್ಮನಿರಬೇಕು. ಟೊಪ್ಪಿಗೆ, ಕೈ, ಬಟ್ಟೆ ಹೇಗಿರಬೇಕೆಂದು ನಾನು ಹೇಳುವುದಿಲ್ಲ. ಒಬ್ಬ ಕಾಗದ ಮಡಚಿ ಅಜ್ಜನ ಗಾಂಧಿ ಟೊಪ್ಪಿಗೆ ಹಾಕಿದ. ಒಬ್ಬಳು ಹರಿದ ಸೋಲಾಪುರ ಚಾದರದ ಅಂಚನ್ನು ಕೊರಳಿಗೆ ಸುತ್ತಿದಳು. “ಥಂಡಿ ಭಾಳ ಐತಲ್ರಿ” ಎಂಬುದು ಅವಳ ಕಾರಣ. ಹಿಮದವನಿಗೆ ಥಂಡಿ ಏನು ಎಂದು ನಾನು ತಿದ್ದಲಿಲ್ಲ.

ನಮ್ಮ ಊರಿನ ಚಳಿಗಾಲದ ಬಗ್ಗೆ ಒಂದು ಮಾತು ಹೇಳಬೇಕು. ದೀಪಾವಳಿಯ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಗುತ್ತದೆ. ಹಲವು ಮನೆಗಳಿಗೆ ಬೀಗ ಬಿದ್ದು ಗಂಡ-ಹೆಂಡತಿ ಕಬ್ಬು ಕಡಿಯಲು ಹೋಗುತ್ತಾರೆ. ಕೆಲವರು ಮಕ್ಕಳನ್ನೂ ಕರೆದೊಯ್ಯುತ್ತಾರೆ, ಕೆಲವರು ಅಜ್ಜಿಯ ಬಳಿ ಬಿಡುತ್ತಾರೆ. ಹೋದ ಮಗುವಿನ ಓದು ಅರ್ಧಕ್ಕೆ ನಿಂತಿತು. ಉಳಿದ ಮಗು ವರ್ಗದಲ್ಲಿ ಮಾತಿಲ್ಲದೆ ಕುಳಿತುಕೊಳ್ಳುತ್ತದೆ. ಇತರ ಊರುಗಳಲ್ಲಿ ಚಳಿಗಾಲವೆಂದರೆ ಸ್ವೆಟರು, ಸಂಕ್ರಾಂತಿ, ಎಳ್ಳು-ಬೆಲ್ಲ. ನಮ್ಮಲ್ಲಿ ಹಾಜರಿ ಪುಸ್ತಕ ನೋಡಿದರೆ ಚಳಿಗಾಲ ಬಂದದ್ದು ತಿಳಿಯುತ್ತದೆ.

ಅಂಥ ಒಬ್ಬ ಹುಡುಗಿ, ಎರಡನೆಯ ಇಯತ್ತೆ, ಅಜ್ಜಿಯ ಬಳಿ ಇದ್ದವಳು. ಚಿತ್ರದ ಬರ್ಫಪ್ಪನ ಕೈಯಲ್ಲಿ ಕಸಬರಿಗೆ ಇತ್ತಲ್ಲ, ಇವಳು ಅದರ ಜಾಗದಲ್ಲಿ ರಟ್ಟು ಕತ್ತರಿಸಿ ಕೊಯ್ತಾ ಇಟ್ಟಳು. ಕಬ್ಬು ಕಡಿಯುವ ಕತ್ತಿ. ನಾನು ಏನೂ ಕೇಳಲಿಲ್ಲ. ಮರುದಿನ ಬಂದು, “ಇನ್ನೊಂದ್ ಮಾಡ್ತೀನ್ರಿ ಗುರುಜಿ, ಒಬ್ಬಾಂವ ಇದ್ರ ಅರ್ಧಾ ಕೊಯ್ತಾ ಆಕ್ಕೈತಿ” ಎಂದಳು. ಕಬ್ಬಿನ ಲೆಕ್ಕದಲ್ಲಿ ಗಂಡ-ಹೆಂಡತಿ ಕೂಡಿದರೆ ಒಂದು ಕೊಯ್ತಾ. ಒಬ್ಬರೇ ಇದ್ದರೆ ಅರ್ಧ. ಎರಡು ತಿಂಗಳಿನಿಂದ ಬಾಯಿ ಬಿಡದಿದ್ದ ಹುಡುಗಿ ಆ ದಿನ ಮುಕಾದಮ, ಟೋಳಿ, ಬಂಡಿ, ಉಚಲ್ ಎಂದು ಇಡೀ ವರ್ಗಕ್ಕೆ ವಿವರಿಸಿದಳು. ಉಚಲ್ ಎಂದರೆ ಮುಂಗಡ ಹಣ. ಅಷ್ಟು ಚೆನ್ನಾಗಿ ಆ ಪಾಠವನ್ನು ನಾನು ಮಾಡಲಾರೆ.

ಗೊಂಬೆಯ ಆಕಾರ ದೂರದೇಶದ್ದೇ ಇರಲಿ, ಅದರ ಕೈಯಲ್ಲಿ ಏನಿರಬೇಕೆಂಬುದನ್ನು ಮಗುವಿಗೆ ಬಿಡಬೇಕು. ಥರ್ಮಾಕೋಲ್ ಗೊಂಬೆಗೆ ಕಸಬರಿಗೆಯೂ ಪಾಕೀಟಿನಲ್ಲೇ ಬಂದಿರುತ್ತದೆ. ಅಲ್ಲಿ ಮಗುವಿಗೆ ಹೇಳಲು ಏನು ಉಳಿಯಿತು?

ಆ ಜೋಡಿಯ ಫೋಟೋವನ್ನು ಅವಳ ಅಪ್ಪನ ಮೊಬೈಲಿಗೆ ಕಳಿಸಿದೆ. ರಾತ್ರಿ ಹತ್ತಕ್ಕೆ ಅವಳ ತಾಯಿ ಫೋನು ಮಾಡಿ, “ನಾವು ಬರೂತನಕ ಕೆಡಬ್ಯಾಡ್ರಿ ಸರ್” ಎಂದರು. ಹಂಗಾಮು ಮುಗಿದು ಅವರು ಊರು ಸೇರುವುದು ಯುಗಾದಿಯ ಹೊತ್ತಿಗೆ. ಅಲ್ಲಿಯವರೆಗೆ ಗೊಂಬೆ ಗಟ್ಟಿಯಾಗಿ ಇರಬೇಕೆಂದರೆ ಮೂರನೆಯ ಬಗೆಯೇ ಸರಿ. ಹಳೆಯ ವಹಿ ಇದ್ದರೆ ಇವತ್ತು ರಾತ್ರಿಯೇ ನೆನೆಹಾಕಿ.